ಹದಿಮೂರು ದ್ರಾಕ್ಷಿಗಳ ಒಂದು ಗುಟುಕು

ಸೆಪ್ಟೆಂಬರ್ ತಿಂಗಳ ಬೆಳಗು. ದಕ್ಷಿಣ ಫ್ರಾನ್ಸಿನಲ್ಲಿ ರೋನ್ ನದಿಯ ದಂಡೆ ಬಿಟ್ಟು ತುಸು ಮೇಲೇರಿದರೆ ಮಣ್ಣೇ ಕಾಣದಷ್ಟು ಕಲ್ಲು. ನೀರಿನಲ್ಲಿ ಉರುಳಿ ಉರುಳಿ ನುಣುಪಾದ, ಮುಷ್ಟಿ ಗಾತ್ರದ, ತಲೆ ಗಾತ್ರದ ಉರುಟು ಕಲ್ಲುಗಳು. ಅವುಗಳ ನಡುವೆ ಚಪ್ಪರವಿಲ್ಲದೆ, ತಂತಿಯ ಆಸರೆಯಿಲ್ಲದೆ, ಮೋಟು ಕಾಂಡದ ಮೇಲೆ ಹರಡಿ ನಿಂತ ಗಿಡ್ಡ ದ್ರಾಕ್ಷಿ ಗಿಡಗಳು. ಕತ್ತರಿ ಹಿಡಿದ ಕೊಯ್ಲಿನವರು ನಡು ಬಗ್ಗಿಸಿ ಸಾಲು ಹಿಡಿದು ಮುಂದೆ ಸರಿಯುತ್ತಾರೆ.

ಹಳೆಯ ತೋಟವಾದರೆ ಬುಟ್ಟಿಗೆ ಬೀಳುವ ಗೊಂಚಲುಗಳೆಲ್ಲ ಒಂದೇ ಥರ ಇರುವುದಿಲ್ಲ. ಒಂದು ಗಿಡದ ಹಣ್ಣು ಕಡು ನೇರಳೆ, ಪಕ್ಕದ್ದು ತೆಳುಗೆಂಪು, ಅದರಾಚೆಯದು ಹಳದಿ ಬೆರೆತ ಹಸಿರು. ಒಂದರ ಸಿಪ್ಪೆ ದಪ್ಪ, ಇನ್ನೊಂದರದು ಬಾಯಿಗಿಟ್ಟರೆ ಕರಗುವಷ್ಟು ತೆಳು. ಒಂದು ಬರೀ ಸಿಹಿ, ಮತ್ತೊಂದು ಹುಳಿ ಉಳಿಸಿಕೊಂಡ ಸಿಹಿ.

ಇದು ಶಾತೊನಫ್ ದ್ಯು ಪಾಪ್. ಒರಾಂಜ್ ಮತ್ತು ಅವಿನ್ಯೋನ್ ಪಟ್ಟಣಗಳ ನಡುವಿನ ಈ ಸಣ್ಣ ಊರಿನ ಸುತ್ತ ಸುಮಾರು 3,200 ಹೆಕ್ಟೇರ್ ದ್ರಾಕ್ಷಿ ತೋಟವಿದೆ. ಇಲ್ಲಿಯ ಕೆಂಪು ವೈನ್ ಜಗತ್ತಿನಲ್ಲಿ ಹೆಸರು ಮಾಡಿರುವುದಕ್ಕೆ ಒಂದು ಕಾರಣ, ಅದರಲ್ಲಿ ಹದಿಮೂರು ತಳಿಯ ದ್ರಾಕ್ಷಿಗಳನ್ನು ಬೆರೆಸಲು ಅವಕಾಶವಿರುವುದು.

ನಮ್ಮ ಅಂಗಡಿಗಳಲ್ಲಿ ಸಿಗುವ ಎಷ್ಟೋ ಬಾಟಲಿಗಳ ಮೇಲೆ ಶಿರಾಜ್ ಎಂದೋ ಕ್ಯಾಬರ್ನೆ ಸೊವಿನ್ಯೋನ್ ಎಂದೋ ಒಂದು ತಳಿಯ ಹೆಸರಿರುತ್ತದೆ. ಅದನ್ನು ನೋಡಿ ನೋಡಿ, ಒಳ್ಳೆಯ ವೈನ್ ಎಂದರೆ ಒಂದೇ ತಳಿಯದು, ಬೆರಕೆ ಎಂದರೆ ಎರಡನೇ ದರ್ಜೆಯದು ಎಂಬ ಭಾವನೆ ಹಲವರಲ್ಲಿ ಬೆಳೆದಿದೆ. ಶಾತೊನಫ್ ಆ ಭಾವನೆಯನ್ನು ಬುಡಸಮೇತ ಅಲುಗಿಸುತ್ತದೆ. ಇಲ್ಲಿ ಬೆರೆಸುವುದು ದೋಷ ಮುಚ್ಚಲಿಕ್ಕಲ್ಲ. ಒಂದು ತಳಿಯ ಕೊರತೆಯನ್ನು ಇನ್ನೊಂದರಿಂದ ತುಂಬಲಿಕ್ಕೆ. ಈ ವೈನಿನ ರುಚಿ ನೋಡುವುದೆಂದರೆ ಆ ಕೊಡುಕೊಳ್ಳುವಿಕೆಯನ್ನು ನಾಲಿಗೆಯಲ್ಲಿ ಗುರುತಿಸುವುದು.

ಪೋಪರು ಬಂದ ಊರು

1309ರಲ್ಲಿ ಪೋಪ್ ಐದನೇ ಕ್ಲೆಮೆಂಟ್ ರೋಮಿಗೆ ಹೋಗದೆ ಅವಿನ್ಯೋನ್‌ನಲ್ಲಿ ನೆಲೆ ನಿಂತರು. ಮುಂದಿನ ಸುಮಾರು ಏಳು ದಶಕ ಕ್ಯಾಥೊಲಿಕ್ ಜಗತ್ತಿನ ಗದ್ದುಗೆ ರೋನ್ ನದಿಯ ದಂಡೆಯಲ್ಲೇ ಇತ್ತು. ಕ್ಲೆಮೆಂಟರ ನಂತರ ಬಂದ ಇಪ್ಪತ್ತೆರಡನೇ ಜಾನ್ ಅವಿನ್ಯೋನ್‌ಗೆ ಹತ್ತಿರದ ಈ ಗುಡ್ಡದ ಮೇಲೆ ಕೋಟೆಮನೆ ಕಟ್ಟಿಸಿದರು. ಸುತ್ತಲಿನ ದ್ರಾಕ್ಷಿ ತೋಟಗಳಿಗೆ ಪೋಪರ ಆಸ್ಥಾನವೇ ಗಿರಾಕಿಯಾಯಿತು.

ಆ ಕೋಟೆಯಲ್ಲಿ ಇವತ್ತು ಉಳಿದಿರುವುದು ಒಂದು ಗೋಪುರದ ಭಾಗ ಮತ್ತು ಒಂದಿಷ್ಟು ಗೋಡೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944ರ ಆಗಸ್ಟಿನಲ್ಲಿ, ಹಿಂದೆ ಸರಿಯುತ್ತಿದ್ದ ಜರ್ಮನ್ ಸೈನಿಕರು ಸಿಡಿಮದ್ದಿಟ್ಟು ಗೋಪುರದ ಅರ್ಧವನ್ನು ಉರುಳಿಸಿದರು. ಉಳಿದರ್ಧ ಈಗಲೂ ದೂರದಿಂದ ಕಾಣುತ್ತದೆ.

ಪೋಪರ ಹೆಸರು ಊರಿಗೆ ಅಧಿಕೃತವಾಗಿ ಸೇರಿದ್ದು ಬಹಳ ತಡವಾಗಿ, 1893ರಲ್ಲಿ. ಅಲ್ಲಿಯವರೆಗೆ ಇದು ಸುಣ್ಣದ ಗೂಡುಗಳಿಗೆ ಹೆಸರಾದ ಶಾತೊನಫ್ ಕಾಲ್ಸೆರ್ನಿಯೆ. ಇಲ್ಲಿಯ ಗಟ್ಟಿ ಕೆಂಪು ವೈನಿನ ಬಹುಪಾಲು ಪೀಪಾಯಿಗಳಲ್ಲಿ ಉತ್ತರದ ಬರ್ಗಂಡಿಗೆ ಹೋಗುತ್ತಿತ್ತು. ಬಿಸಿಲು ಸಾಲದ ವರ್ಷಗಳಲ್ಲಿ ಅಲ್ಲಿಯ ತೆಳು ವೈನಿಗೆ ಕಸುವು ತುಂಬಲು ಇದನ್ನು ಬೆರೆಸುತ್ತಿದ್ದರು. ಹೀಗೆ ಬೇರೆಯವರ ಬಾಟಲಿಯಲ್ಲಿ ಹೆಸರಿಲ್ಲದೆ ಬೆರೆಯುತ್ತಿದ್ದ ವೈನ್, ತನ್ನೊಳಗಿನ ಬೆರಕೆಯಿಂದಲೇ ಹೆಸರು ಪಡೆಯಬೇಕಾದರೆ ಮೊದಲು ಒಂದು ದೊಡ್ಡ ವಿಪತ್ತನ್ನು ದಾಟಬೇಕಾಯಿತು.

ಬೇರು ತಿಂದ ಹೇನು, ಒಬ್ಬ ಬೆಳೆಗಾರನ ಲೆಕ್ಕ

1860ರ ದಶಕದಲ್ಲಿ ರೋನ್ ನದಿಯ ಆಚೆ ದಂಡೆಯ ಹಳ್ಳಿಗಳಲ್ಲಿ ಕಾರಣವೇ ತಿಳಿಯದೆ ದ್ರಾಕ್ಷಿ ಗಿಡಗಳು ಒಣಗತೊಡಗಿದವು. 1868ರಲ್ಲಿ ಮಾಂಪೆಲಿಯೆಯ ಸಸ್ಯವಿಜ್ಞಾನಿ ಪ್ಲಾಂಶೋನ್ ಮತ್ತು ಸಂಗಡಿಗರು ಗಿಡಗಳ ಬುಡ ಅಗೆದು ನೋಡಿದಾಗ ಬೇರಿಗೆ ಮುತ್ತಿಕೊಂಡ ಹಳದಿ ಬಣ್ಣದ ಸಣ್ಣ ಹೇನುಗಳು ಕಂಡವು. ಅಮೆರಿಕದಿಂದ ತರಿಸಿದ ಗಿಡಗಳ ಜೊತೆ ಬಂದಿಳಿದ ಫಿಲಾಕ್ಸೆರಾ ಅದು. ಯುರೋಪಿನ ಗಿಡಗಳಿಗೆ ಅದನ್ನು ತಡೆಯುವ ಶಕ್ತಿ ಇರಲಿಲ್ಲ. ಕೊನೆಗೆ ಸಿಕ್ಕ ಪರಿಹಾರ ಕಸಿ: ಅಮೆರಿಕದ ಬೇರು, ಅದರ ಮೇಲೆ ಯುರೋಪಿನ ಕೊಂಬೆ.

ತೋಟಗಳನ್ನು ಹೊಸದಾಗಿ ನೆಡಲೇಬೇಕು ಎಂದಾದಾಗ, ಯಾವ ತಳಿ ನೆಡುವುದು, ಎಷ್ಟೆಷ್ಟು ನೆಡುವುದು ಎಂಬ ಪ್ರಶ್ನೆ ಎದ್ದಿತು. ಲಾ ನೆರ್ತ್ ಎಂಬ ಹಳೆಯ ಎಸ್ಟೇಟಿನ ಒಡೆಯ ಜೋಸೆಫ್ ದ್ಯುಕೋ ಇದಕ್ಕೆ ಒಂದು ಲೆಕ್ಕ ಹಾಕಿ ಕೊಟ್ಟ. ಹತ್ತು ತಳಿಗಳನ್ನು ಆರಿಸಿ, ಅವುಗಳ ಗುಣ ನೋಡಿ ನಾಲ್ಕು ಗುಂಪು ಮಾಡಿದ.

ಬಿಸುಪು ಮತ್ತು ಮೃದುತ್ವಕ್ಕೆ ಗ್ರೆನಾಶ್, ಸ್ಯಾನ್ಸೋ: ನೂರಕ್ಕೆ 20 ಪಾಲು. ಬಣ್ಣ, ಗಟ್ಟಿತನ, ಬಾಳಿಕೆಗೆ ಮೂರ್ವೆದ್ರ್, ಸಿರಾ, ಮುಸ್ಕಾರ್ದಾನ್, ವಕಾರೆಜ್: 40 ಪಾಲು. ತಾಜಾತನ ಮತ್ತು ಪರಿಮಳಕ್ಕೆ ಕೂನ್ವಾಜ್, ಪಿಕ್‌ಪೂಲ್: 30 ಪಾಲು. ನವುರು ಮತ್ತು ಹೊಳಪಿಗೆ ಕ್ಲೆರೆತ್, ಬುರ್ಬುಲಾಂಕ್ ಎಂಬ ಬಿಳಿ ದ್ರಾಕ್ಷಿಗಳು: 10 ಪಾಲು.

ಈ ಪಟ್ಟಿಯನ್ನು ಎರಡು ಸಲ ಓದಬೇಕು. ಕೆಂಪು ವೈನಿಗೆ ಬಿಳಿ ದ್ರಾಕ್ಷಿ ಸೇರಿಸುವ ಧೈರ್ಯ ಅದರಲ್ಲಿದೆ. ಅದಕ್ಕಿಂತ ಮುಖ್ಯವಾಗಿ, ಇವತ್ತು ಶಾತೊನಫ್‌ನ ಹತ್ತರಲ್ಲಿ ಸುಮಾರು ಏಳು ಪಾಲು ನೆಲವನ್ನು ಆವರಿಸಿರುವ ಗ್ರೆನಾಶ್‌ಗೆ, ಅದರ ಜೊತೆಯ ಸ್ಯಾನ್ಸೋವನ್ನೂ ಸೇರಿಸಿ, ದ್ಯುಕೋ ಕೊಟ್ಟದ್ದು ಐದರಲ್ಲಿ ಒಂದೇ ಪಾಲು.

ಲ್ಯಾವೆಂಡರ್ ಬೆಳೆಯುವ ನೆಲವೇ ಗಡಿ

ಹೇನಿನ ಕಾಟ ಕಳೆಯಿತು, ನಕಲಿಯ ಕಾಟ ಶುರುವಾಯಿತು. ಎಲ್ಲೆಲ್ಲಿಯದೋ ವೈನನ್ನು ಶಾತೊನಫ್ ಹೆಸರಿನಲ್ಲಿ ಮಾರುವವರು ಹುಟ್ಟಿಕೊಂಡರು. 1920ರ ದಶಕದಲ್ಲಿ ಬೆಳೆಗಾರರು ತಮ್ಮ ನಡುವಿನ ಒಬ್ಬ ವಕೀಲನ ಮೊರೆಹೋದರು. ಆತ ಫೋರ್ತಿಯಾ ಎಸ್ಟೇಟಿನ ಬ್ಯಾರನ್ ಪಿಯೆರ್ ಲರ್ವಾ, ಮೊದಲ ಮಹಾಯುದ್ಧದಲ್ಲಿ ವಿಮಾನ ಹಾರಿಸಿದ್ದವನು.

ಲರ್ವಾ ಮುಂದಿಟ್ಟ ನಿಯಮಗಳು ಸರಳ, ಆದರೆ ಬಿಗಿ. ಲ್ಯಾವೆಂಡರ್ ಮತ್ತು ಥೈಮ್ ಗಿಡಗಳು ಬೆಳೆಯುವಂಥ ಬರಡು ನೆಲದಲ್ಲಿ ಬೆಳೆದ ದ್ರಾಕ್ಷಿ ಮಾತ್ರ ಲೆಕ್ಕಕ್ಕೆ. ಫಲವತ್ತಾದ ನೆಲ ಬೇಡ. ಅಲ್ಲಿ ಹಣ್ಣು ಹೆಚ್ಚು, ಸತ್ವ ಕಡಿಮೆ. ಮದ್ಯಸಾರ ಶೇ 12.5ಕ್ಕಿಂತ ಕಡಿಮೆ ಇರಬಾರದು. ಕೊಯ್ಲಿನಲ್ಲಿ ಹಣ್ಣನ್ನು ಆರಿಸಿ, ಕನಿಷ್ಠ ನೂರರಲ್ಲಿ ಐದು ಪಾಲನ್ನು ಪಕ್ಕಕ್ಕಿಡಬೇಕು. ಗೊತ್ತುಪಡಿಸಿದ ತಳಿಗಳನ್ನಷ್ಟೇ ಬಳಸಬೇಕು.

ನ್ಯಾಯಾಲಯದ ಹೋರಾಟದ ನಂತರ ಈ ನಿಯಮಗಳಿಗೆ ಮನ್ನಣೆ ಸಿಕ್ಕಿತು. 1936ರಲ್ಲಿ ಫ್ರಾನ್ಸ್ ಸರ್ಕಾರ ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಕೊಡುವ ಪದ್ಧತಿ ಜಾರಿಗೆ ತಂದಾಗ, ಅದನ್ನು ಮೊದಮೊದಲು ಪಡೆದ ಪ್ರದೇಶಗಳಲ್ಲಿ ಶಾತೊನಫ್ ಒಂದು. ಮೈಸೂರು ಮಲ್ಲಿಗೆ, ನಂಜನಗೂಡು ರಸಬಾಳೆ, ಬೆಂಗಳೂರು ನೀಲಿ ದ್ರಾಕ್ಷಿಗೆ ನಮ್ಮಲ್ಲಿ ಸಿಕ್ಕಿರುವ ಭೌಗೋಳಿಕ ಗುರುತು ಅದೇ ವಿಚಾರದ ಮುಂದುವರಿಕೆ.

1936ರ ಪಟ್ಟಿಯಲ್ಲಿ ಹದಿಮೂರು ತಳಿಗಳಿದ್ದವು. ಗ್ರೆನಾಶ್, ಪಿಕ್‌ಪೂಲ್, ಕ್ಲೆರೆತ್‌ಗಳ ಬಣ್ಣಭೇದಗಳನ್ನು ಬೇರೆ ಬೇರೆಯಾಗಿ ಎಣಿಸುವ 2009ರ ನಿಯಮದ ಪ್ರಕಾರ ಈಗ ಅವು ಹದಿನೆಂಟು. ಯಾವ ತಳಿ ಎಷ್ಟಿರಬೇಕೆಂಬ ಕಡ್ಡಾಯ ಮಾತ್ರ ಇಲ್ಲ. ಬೋಕಾಸ್ತೆಲ್ ಎಂಬ ಪ್ರಸಿದ್ಧ ಎಸ್ಟೇಟ್ ಹದಿಮೂರನ್ನೂ ಬೆಳೆಸಿ ಬಳಸುತ್ತದೆ. ಅಷ್ಟೇ ಪ್ರಸಿದ್ಧವಾದ ರಾಯಾಸ್, ಮರಳು ನೆಲದಲ್ಲಿ ಬೆಳೆದ ಗ್ರೆನಾಶ್ ಒಂದರಿಂದಲೇ ಕೆಂಪು ವೈನ್ ಮಾಡುತ್ತದೆ. ಎರಡೂ ಕಾನೂನುಬದ್ಧ.

ಒಂದೇ ತಳಿ ಸಾಲದೇಕೆ?

ನಮ್ಮ ಬಯಲುಸೀಮೆಯ ರೈತನಿಗೆ ಈ ಪ್ರಶ್ನೆಯ ಉತ್ತರ ಮೊದಲೇ ಗೊತ್ತು. ರಾಗಿ ಹೊಲದ ನಡುವೆ ಆತ ಅಕ್ಕಡಿ ಸಾಲು ಹಾಕುತ್ತಾನೆ: ಅವರೆ, ತೊಗರಿ, ಹುಚ್ಚೆಳ್ಳು, ಜೋಳ. ಮಳೆ ಒಂದಕ್ಕೆ ಕೈಕೊಟ್ಟರೆ ಇನ್ನೊಂದು ಕೈಹಿಡಿಯುತ್ತದೆ. ರೋನ್ ಕಣಿವೆಯ ಹಳೆಯ ಬೆಳೆಗಾರನೂ ಹಾಗೆಯೇ ಯೋಚಿಸಿದ. ಗ್ರೆನಾಶ್‌ನ ಹೂವು ತಂಪು, ಮಳೆ ಬಂದರೆ ಉದುರುತ್ತದೆ. ಆ ವರ್ಷ ಬೇರೆ ತಳಿಗಳು ತೊಟ್ಟಿ ತುಂಬುತ್ತವೆ. ಮೂರ್ವೆದ್ರ್ ತಡವಾಗಿ ಮಾಗುತ್ತದೆ. ಬೇಸಿಗೆ ಸೊರಗಿದರೆ ಅದು ಹಸಿಯಾಗಿಯೇ ಉಳಿಯುತ್ತದೆ, ಆಗ ಸಿರಾ ಆಸರೆ.

ಹೊಲದ ಈ ಜಾಣ್ಮೆಯೇ ರುಚಿಯ ಜಾಣ್ಮೆಯೂ ಆಯಿತು. ಗ್ರೆನಾಶ್ ಬಿಸಿಲನ್ನು ಸಕ್ಕರೆಯಾಗಿ ಕೂಡಿಡುತ್ತದೆ. ಅದರಿಂದ ಬರುವುದು ಹಣ್ಣಿನ ಸೊಗಸು, ಜೊತೆಗೆ ಏರಿದ ಮದ್ಯಸಾರ. ಆದರೆ ಅದರ ಬಣ್ಣ ತೆಳು, ಹುಳಿ ಕಡಿಮೆ, ಗಾಳಿ ತಾಗಿದರೆ ಬೇಗ ಮಂಕಾಗುತ್ತದೆ. ಮೂರ್ವೆದ್ರ್ ಇದಕ್ಕೆ ನೇರ ವಿರುದ್ಧ: ದಪ್ಪ ಸಿಪ್ಪೆ, ಗಾಢ ಬಣ್ಣ, ಬಲವಾದ ಒಗರು, ಗಾಳಿಗೆ ಸುಲಭವಾಗಿ ಬಗ್ಗದ ಸ್ವಭಾವ. ಇವೆರಡನ್ನು ಜೋಡಿಸಿದರೆ ಒಂದರ ಮೃದುತ್ವವೂ ಉಳಿಯುತ್ತದೆ, ಇನ್ನೊಂದರ ಬಾಳಿಕೆಯೂ ಬರುತ್ತದೆ. ಕೂನ್ವಾಜ್ ಹುಳಿಯನ್ನೂ ಸ್ವಲ್ಪ ಖಾರದ ಪರಿಮಳವನ್ನೂ ತರುತ್ತದೆ. ಸ್ಯಾನ್ಸೋ, ಮುಸ್ಕಾರ್ದಾನ್ ಹೂವಿನ ಘಮ ಕೊಟ್ಟು ಭಾರ ಇಳಿಸುತ್ತವೆ.

ನೆಲ ಮತ್ತು ಗಾಳಿಯ ಪಾಲೂ ಇದರಲ್ಲಿದೆ. ಉರುಟು ಕಲ್ಲುಗಳು ಹಗಲಿನ ಬಿಸಿಯನ್ನು ಹಿಡಿದಿಟ್ಟು ರಾತ್ರಿ ಗಿಡಕ್ಕೆ ಬಿಟ್ಟುಕೊಡುತ್ತವೆ. ಅವುಗಳ ಕೆಳಗಿನ ಜೇಡಿ ತೇವ ಕಾಪಾಡುತ್ತದೆ. ಉತ್ತರದಿಂದ ಬೀಸುವ ಮಿಸ್ತ್ರಾಲ್ ಎಂಬ ಬಿರುಗಾಳಿ ಗೊಂಚಲುಗಳನ್ನು ಒಣಗಿಸಿ ಕೊಳೆರೋಗ ತಡೆಯುತ್ತದೆ. ಗಿಡಗಳನ್ನು ಗಿಡ್ಡವಾಗಿ ಬೆಳೆಸುವುದು ಆ ಗಾಳಿಗೆ ತಲೆ ಕೊಡದಿರಲೆಂದೇ. ಎಲ್ಲ ಕಡೆಯೂ ಕಲ್ಲೇ ಇಲ್ಲ. ಮರಳು, ಸುಣ್ಣಕಲ್ಲಿನ ನೆಲವೂ ಇದೆ. ಯಾವ ನೆಲಕ್ಕೆ ಯಾವ ತಳಿ ಎಂಬ ಆಯ್ಕೆಯಲ್ಲೇ ಬೆರಕೆಯ ಕೆಲಸ ಶುರುವಾಗಿರುತ್ತದೆ.

ಬೆರೆಸುವುದು ಎಲ್ಲಿ?

ಬೆರೆಸಲು ಎರಡು ದಾರಿಗಳಿವೆ. ಮೊದಲನೆಯದು ಹಳೆಯದು: ತೋಟದಲ್ಲೇ ತಳಿಗಳನ್ನು ಕಲೆಸಿ ನೆಟ್ಟು, ಒಟ್ಟಿಗೆ ಕೊಯ್ದು, ಒಂದೇ ತೊಟ್ಟಿಯಲ್ಲಿ ಹುದುಗು ಬರಿಸುವುದು. ಕೆಲವು ಹಣ್ಣು ತುಸು ಹೆಚ್ಚು ಮಾಗಿರುತ್ತವೆ, ಕೆಲವು ತುಸು ಕಡಿಮೆ. ಸರಾಸರಿಯಲ್ಲಿ ಹದ ಸಿಗುತ್ತದೆ. ಬಿಳಿ ದ್ರಾಕ್ಷಿಯ ಸಿಪ್ಪೆಯಲ್ಲಿರುವ ಬಣ್ಣವಿಲ್ಲದ ಕೆಲವು ಅಂಶಗಳು ಕೆಂಪು ಬಣ್ಣದ ಕಣಗಳಿಗೆ ಅಂಟಿಕೊಂಡು ಬಣ್ಣವನ್ನು ಗಟ್ಟಿಗೊಳಿಸಬಲ್ಲವು ಎಂಬುದನ್ನು ರಸಾಯನಶಾಸ್ತ್ರ ವಿವರಿಸುತ್ತದೆ. ಕೆಂಪಿಗೆ ಬಿಳಿ ಸೇರಿಸಿದರೆ ಬಣ್ಣ ತೆಳುವಾಗಲೇಬೇಕೆಂದಿಲ್ಲ.

ಎರಡನೆಯ ದಾರಿಯಲ್ಲಿ ಪ್ರತಿ ತಳಿಯನ್ನು ಅದು ಮಾಗಿದಾಗ ಕೊಯ್ದು, ಬೇರೆ ಬೇರೆಯಾಗಿ ವೈನ್ ಮಾಡಿ, ಆಮೇಲೆ ರುಚಿ ನೋಡಿ ನೋಡಿ ಬೆರೆಸುತ್ತಾರೆ. ಗ್ರೆನಾಶ್‌ಗೆ ಗಾಳಿ ಹೆಚ್ಚು ತಾಗಬಾರದೆಂದು ಕಾಂಕ್ರೀಟ್ ತೊಟ್ಟಿ ಅಥವಾ ದೊಡ್ಡ ಹಳೆಯ ಮರದ ಪೀಪಾಯಿ. ಮೂರ್ವೆದ್ರ್, ಸಿರಾಗಳಿಗೆ ಕೆಲವರು ಚಿಕ್ಕ ಪೀಪಾಯಿ ಬಳಸುತ್ತಾರೆ. ಇಲ್ಲಿ ಲೆಕ್ಕಕ್ಕಿಂತ ನಾಲಿಗೆ ದೊಡ್ಡದು. ವರ್ಷದ ಹವೆ ನೋಡಿ ಪಾಲು ಏರುಪೇರಾಗುತ್ತದೆ.

ಲೋಟದಲ್ಲಿ ಹುಡುಕುವುದು ಏನನ್ನು?

ರುಚಿ ನೋಡುವುದು ಬೇರೆ, ಕುಡಿಯುವುದು ಬೇರೆ. ವೃತ್ತಿಯವರು ಒಂದು ಗುಟುಕು ಬಾಯಲ್ಲಿ ಆಡಿಸಿ ಉಗುಳಿಬಿಡುತ್ತಾರೆ. ಶಾತೊನಫ್‌ನ ಮದ್ಯಸಾರ ಸಾಮಾನ್ಯವಾಗಿ ಶೇ 14ರಿಂದ 15ರ ಆಸುಪಾಸಿನಲ್ಲಿರುವುದರಿಂದ ಈ ಎಚ್ಚರ ಅಗತ್ಯ ಕೂಡ.

ಮೊದಲು ತಾಪ. ಕೆಂಪು ವೈನನ್ನು ಕೋಣೆಯ ತಾಪದಲ್ಲಿ ಕೊಡಬೇಕು ಎಂಬ ಮಾತು ಯುರೋಪಿನ ತಣ್ಣನೆಯ ಮನೆಗಳದ್ದು. ಅವರ ಕೋಣೆ ಎಂದರೆ 16ರಿಂದ 18 ಡಿಗ್ರಿ. ಕಲಬುರಗಿಯ ಬೇಸಿಗೆಯಿರಲಿ, ಬೆಂಗಳೂರಿನ ಮಾರ್ಚ್ ತಿಂಗಳ ಕೋಣೆಯೂ ಅದಕ್ಕಿಂತ ಎಷ್ಟೋ ಬಿಸಿ. ಬಿಸಿಯಾದ ವೈನಿನಲ್ಲಿ ಮದ್ಯಸಾರದ ಘಾಟು ಮೊದಲು ಮೂಗಿಗೆ ಬಡಿಯುತ್ತದೆ, ಉಳಿದದ್ದೆಲ್ಲ ಅದರ ಹಿಂದೆ ಅಡಗುತ್ತದೆ. ಬಾಟಲಿಯನ್ನು ಫ್ರಿಜ್‌ನಲ್ಲಿ ಅರ್ಧ ಗಂಟೆ ಇಟ್ಟು ತೆಗೆಯುವುದು ಸರಿ.

ನಂತರ ಕಣ್ಣು. ಲೋಟವನ್ನು ಬಿಳಿ ಕಾಗದದ ಮೇಲೆ ವಾಲಿಸಿ ಹಿಡಿಯಿರಿ. ಶಾತೊನಫ್ ಮಸಿಯಷ್ಟು ಕಪ್ಪಾಗಿರಬೇಕಿಲ್ಲ. ಅಂಚು ತೆಳುವಾಗಿ ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದರೆ ಗ್ರೆನಾಶ್ ಹೆಚ್ಚಿರಬಹುದು, ಇಲ್ಲವೇ ವೈನಿಗೆ ವಯಸ್ಸಾಗಿರಬಹುದು. ನೇರಳೆ ಗಾಢವಾಗಿದ್ದರೆ ಸಿರಾ, ಮೂರ್ವೆದ್ರ್‌ಗಳ ಪಾಲು ದೊಡ್ಡದು.

ಆಮೇಲೆ ಮೂಗು. ಸ್ಟ್ರಾಬೆರಿ, ರಾಸ್‌ಬೆರಿಯಂಥ ಕೆಂಪು ಹಣ್ಣಿನ ವಾಸನೆ ಗ್ರೆನಾಶ್‌ನದು. ಚರ್ಮ, ಒದ್ದೆ ಮಣ್ಣು, ಮಾಂಸದ ನೆನಪು ತರುವ ವಾಸನೆ ಮೂರ್ವೆದ್ರ್‌ನದು. ಒಣಗಿದ ಥೈಮ್, ರೋಸ್‌ಮೇರಿಯ ಘಮವನ್ನು ಈ ಸೀಮೆಯ ಬಹುತೇಕ ವೈನುಗಳಲ್ಲಿ ಹಿಡಿಯಬಹುದು.

ಕಾಳುಮೆಣಸಿನ ವಾಸನೆ ಬಂದರೆ ಅದು ಕಲ್ಪನೆಯಲ್ಲ. ಸಿರಾ ದ್ರಾಕ್ಷಿಯಲ್ಲಿ ರೊಟಂಡೋನ್ ಎಂಬ ರಾಸಾಯನಿಕವಿದೆಯೆಂದು ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ತೋರಿಸಿಕೊಟ್ಟರು. ನಮ್ಮ ಮಲೆನಾಡಿನ, ಕೊಡಗಿನ ತೋಟಗಳಲ್ಲಿ ಒಣಗಿಸುವ ಮೆಣಸಿನ ಘಮಕ್ಕೂ ಅದೇ ಕಾರಣ. ಆ ಸಂಶೋಧನೆಯಲ್ಲಿ ಭಾಗವಹಿಸಿದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಆ ವಾಸನೆ ತಿಳಿಯಲೇ ಇಲ್ಲ. ಹಾಗಾಗಿ ಪಕ್ಕದವರಿಗೆ ಮೆಣಸು ಸಿಕ್ಕಿ ನಿಮಗೆ ಸಿಗದಿದ್ದರೆ ಅಳುಕಬೇಕಿಲ್ಲ.

ಕೊನೆಗೆ ಬಾಯಿ. ಇಲ್ಲಿ ಒಂದು ಕ್ರಮವಿದೆ. ಮೊದಲು ಹಣ್ಣಿನ ಮೃದುವಾದ ತುಂಬುತನ ಬರುತ್ತದೆ. ನಡುವೆ ಒಸಡು, ಕೆನ್ನೆಯ ಒಳಬದಿ ಹಿಡಿದಂತಾಗುತ್ತದೆ. ಅದು ಸಿಪ್ಪೆ, ಬೀಜಗಳ ಒಗರು. ಅಡಿಕೆ, ನೆಲ್ಲಿಕಾಯಿ ಬಲ್ಲ ಕನ್ನಡಿಗರಿಗೆ ಒಗರು ಹೊಸದಲ್ಲ. ನುಂಗಿದ ಮೇಲೆ ಬಾಯಲ್ಲಿ ನೀರೂರಿದರೆ ಹುಳಿ ಇದೆ ಎಂದರ್ಥ. ಭಾರವಾದ ವೈನಿನ ಕೊನೆಯಲ್ಲೂ ಇನ್ನೊಂದು ಗುಟುಕು ಬೇಕೆನಿಸುವುದು ಆ ಹುಳಿಯಿಂದ. ಹೆಸರು ಕೇಳಿರದ ಕೂನ್ವಾಜ್, ಪಿಕ್‌ಪೂಲ್‌ಗಳ ಕೆಲಸ ಕಾಣುವುದು ಅಲ್ಲಿ.

ಒಂದೊಂದು ತಳಿಯನ್ನೂ ಬಿಡಿಸಿ ಹೇಳಬೇಕೆಂಬ ಹಟ ಬೇಡ. ಒಳ್ಳೆಯ ಬೆರಕೆಯಲ್ಲಿ ಅದು ಪರಿಣತರಿಗೂ ಕಷ್ಟ. ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಸಿಹಿಹಣ್ಣಿನ ಸೊಗಸಿಗೆ ಒಗರು ಕಡಿವಾಣ ಹಾಕಿದೆಯೇ? ಒಗರಿನ ಬಿರುಸನ್ನು ಹಣ್ಣು ತಣಿಸಿದೆಯೇ? ಎರಡರ ಭಾರವನ್ನು ಹುಳಿ ಎತ್ತಿ ನಿಲ್ಲಿಸಿದೆಯೇ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ಬೆರೆಸಿದವರು ಗೆದ್ದಿದ್ದಾರೆ.

ಇದನ್ನು ಕಲಿಯಲು ಫ್ರಾನ್ಸಿಗೇ ಹೋಗಬೇಕಿಲ್ಲ. ಸಿರಾ ಮತ್ತು ಶಿರಾಜ್ ಒಂದೇ ತಳಿ. ಅದು ನಂದಿಬೆಟ್ಟದ ತಪ್ಪಲಲ್ಲಿ ಬೆಳೆಯುತ್ತದೆ. ಅಲ್ಲಿಯ ಶಿರಾಜ್ ಒಂದನ್ನೂ, ಕ್ಯಾಬರ್ನೆ ಮತ್ತು ಶಿರಾಜ್ ಬೆರೆಸಿದ್ದನ್ನೂ ಅಕ್ಕಪಕ್ಕ ಇಟ್ಟು ರುಚಿ ನೋಡಿದರೆ ಬೆರಕೆ ಏನು ಮಾಡುತ್ತದೆಂಬುದು ತಿಳಿಯುತ್ತದೆ.

ಬಿಸಿಲೇರುವ ಕಾಲಕ್ಕೆ ಸಣ್ಣ ತಳಿಗಳು

ಇಪ್ಪತ್ತನೇ ಶತಮಾನದ ಬಹುಪಾಲು ಗ್ರೆನಾಶ್ ಮೇಲುಗೈ ಪಡೆಯುತ್ತ ಹೋಯಿತು. ಅದಕ್ಕೆ ಕಾರಣವಿತ್ತು: ಬರ ತಾಳುತ್ತದೆ, ಗಾಳಿ ತಾಳುತ್ತದೆ, ರುಚಿಯೂ ಬೇಗ ಒಲಿಯುತ್ತದೆ. ಮುಸ್ಕಾರ್ದಾನ್, ವಕಾರೆಜ್, ತೆರೆ ನ್ವಾರ್, ಪಿಕಾರ್ದಾನ್ ಒಂದೊಂದು ಮೂಲೆಗೆ ಸರಿದವು.

ಈಗ ಬೇಸಿಗೆಗಳ ಬಿಸಿ ಇನ್ನೂ ಏರುತ್ತಿದೆ. ಗ್ರೆನಾಶ್‌ನಲ್ಲಿ ಸಕ್ಕರೆ ಮೊದಲಿಗಿಂತ ಬೇಗ ಏರುತ್ತದೆ. ಸಿಪ್ಪೆ ಮತ್ತು ಬೀಜ ಮಾಗುವವರೆಗೆ ಕಾದರೆ ಮದ್ಯಸಾರ ಶೇ 15 ದಾಟುತ್ತದೆ, ಹುಳಿ ಕುಗ್ಗುತ್ತದೆ. ಮದ್ಯಸಾರ ಮಿತವಾಗಿಯೂ ಹುಳಿ ಉಳಿದೂ ಮಾಗಬಲ್ಲ ತಳಿಗಳಿಗಾಗಿ ಬೆಳೆಗಾರರು ಹುಡುಕುತ್ತಿದ್ದಾರೆ. ಕೂನ್ವಾಜ್, ಮುಸ್ಕಾರ್ದಾನ್, ಪಿಕ್‌ಪೂಲ್, ಬುರ್ಬುಲಾಂಕ್‌ಗಳಂಥ ಮರೆತ ಹೆಸರುಗಳು ಮತ್ತೆ ತೋಟಕ್ಕೆ ಬರುತ್ತಿರುವುದು ಹೀಗೆ. ಅವನ್ನು ನೆಡಲು ಯಾರ ಅಪ್ಪಣೆಯೂ ಬೇಕಿಲ್ಲ, ಅವು ಪಟ್ಟಿಯಲ್ಲೇ ಇವೆ.

ಬೋರ್ದೋ ಪ್ರದೇಶದ ಅನುಭವದ ಪಕ್ಕದಲ್ಲಿಟ್ಟರೆ ಇದರ ಬೆಲೆ ತಿಳಿಯುತ್ತದೆ. ಕೆಲವೇ ತಳಿಗಳಿಗೆ ಕಟ್ಟುಬಿದ್ದಿದ್ದ ಬೋರ್ದೋ, ಏರುವ ಬಿಸಿಲಿಗೆ ಹೊಂದಿಕೊಳ್ಳಲು ಹೊಸ ತಳಿಗಳು ಬೇಕೆಂದು ಕೇಳಬೇಕಾಯಿತು. ಆರು ತಳಿಗಳಿಗೆ 2021ರಲ್ಲಿ, ಅದೂ ಸಣ್ಣ ಪ್ರಮಾಣಕ್ಕೆ, ಒಪ್ಪಿಗೆ ಸಿಕ್ಕಿತು. ಶಾತೊನಫ್‌ನ ಹಿರಿಯರು ಆ ಕೆಲಸವನ್ನು ಶತಮಾನದ ಹಿಂದೆಯೇ ಮುಗಿಸಿಟ್ಟಿದ್ದರು. ಬಿಸಿಲೇರುವ ಕಾಲವನ್ನು ಅವರು ಊಹಿಸಿರಲಿಲ್ಲ; ಯಾವ ತಳಿಯನ್ನೂ ನಿರುಪಯುಕ್ತವೆಂದು ಕಿತ್ತೊಗೆಯಲಿಲ್ಲ, ಅಷ್ಟೆ.

ಭತ್ತದಲ್ಲಿ, ರಾಗಿಯಲ್ಲಿ, ಬಾಳೆಯಲ್ಲಿ ಎಷ್ಟೋ ನಾಟಿ ತಳಿಗಳನ್ನು ಕಳೆದುಕೊಂಡ ನಾಡು ನಮ್ಮದು. ಹೆಚ್ಚು ಇಳುವರಿಯ ತಳಿಗೆ ಹೊಲದ ದೊಡ್ಡ ಪಾಲು ಕೊಡುವುದು ತಪ್ಪಲ್ಲ, ಶಾತೊನಫ್ ಕೂಡ ಗ್ರೆನಾಶ್‌ಗೆ ಅದನ್ನೇ ಮಾಡಿತು. ಆದರೆ ನೂರರಲ್ಲಿ ಒಂದು ಪಾಲೂ ಇಲ್ಲದ ತಳಿಗೂ ಪಟ್ಟಿಯಲ್ಲಿ ಜಾಗ, ತೋಟದಲ್ಲಿ ಒಂದು ಸಾಲು ಉಳಿಸಿದ್ದರಿಂದಲೇ ಅಲ್ಲಿಯವರ ಕೈಯಲ್ಲಿ ಇವತ್ತು ಆಯ್ಕೆಗಳಿವೆ. ಆ ಒಂದು ಸಾಲನ್ನು ಉಳಿಸಿಕೊಳ್ಳುವುದು ನಮ್ಮ ಹೊಲಗಳಲ್ಲೂ ಆಗಬೇಕಾದ ಕೆಲಸ.